ಬಳುವಳಿ

ಹೋದ ದೀಪಾವಳಿಗೆ ಊರಿಗೆ ಹೋದಾಗ ಅಪ್ಪ ಮದುವೆಯ ಮಾತು ತೆಗೆದರು. ಸೋದರಮಾವನ ಒಬ್ಬಳೇ ಮಗಳನ್ನು ನಾನು ಮದುವೆಯಾದರೆ ಹೊಸದುರ್ಗ ತಾಲ್ಲೂಕಿನ ನಮ್ಮ ಅಡಿಕೆ ತೋಟ, ಹೊಳಲ್ಕೆರೆ ಕಡೆಯ ಮಾವನ ತೋಟ ಎರಡೂ ಒಂದೇ ಮನೆಗೆ ಸೇರುತ್ತವೆ. "ಹೊರಗಿನೋರ ಪಾಲು ಯಾಕಾಗಬೇಕು?" ಅಂದರು. ನೊಳಂಬರ ಕಾಲದ ಶಾಸನಗಳ ಮೇಲೆ ಸಂಶೋಧನೆ ಮಾಡುತ್ತಿರುವ ನಾನು ಇದೇ ಮಾತನ್ನು ಸಾವಿರ ವರ್ಷ ಹಳೆಯ ಕಲ್ಲುಗಳಲ್ಲಿ ಓದುತ್ತಲೇ ಇದ್ದೇನೆ.

ತಲಕಾಡಿನ ಗಂಗರ ಇಮ್ಮಡಿ ಬೂತುಗ ರಾಷ್ಟ್ರಕೂಟರ ಮೂರನೆಯ ಅಮೋಘವರ್ಷನ ಮಗಳು ರೇವಕನಿಮ್ಮಡಿಯನ್ನು ಮದುವೆಯಾದ. ಅವಳೊಂದಿಗೆ ಪುಲಿಗೆರೆ ಮುನ್ನೂರು, ಬೆಳ್ವೊಲ ಮುನ್ನೂರು, ಕಿಸುಕಾಡು ಎಪ್ಪತ್ತು, ಬಾಗೆನಾಡು ಎಪ್ಪತ್ತು ಬಳುವಳಿಯಾಗಿ ಬಂದವು ಎನ್ನುತ್ತದೆ ಧಾರವಾಡ ಸೀಮೆಯ ಹೆಬ್ಬಾಳದ 975ರ ಶಾಸನ. ಕಾವೇರಿ ದಂಡೆಯ ರಾಜ್ಯಕ್ಕೆ ಮಲಪ್ರಭೆಯ ಸೀಮೆ ಕೂಡಿಕೊಂಡಿತು. ಮಂಡ್ಯ ಜಿಲ್ಲೆಯ ಆತಕೂರು ಶಾಸನ ಬೇರೆ ಹೇಳುತ್ತದೆ: ತಕ್ಕೋಲದ ಯುದ್ಧದಲ್ಲಿ ಬೂತುಗ ಚೋಳ ರಾಜಾದಿತ್ಯನನ್ನು ಕೊಂದ, ಮೆಚ್ಚಿದ ಮೂರನೆಯ ಕೃಷ್ಣ ಬನವಾಸಿಯ ಜೊತೆಗೆ ಇದೇ ನಾಡುಗಳನ್ನು ಕೊಟ್ಟ. ಮೊದಲು ಕೊಟ್ಟದ್ದನ್ನು ಆಮೇಲೆ ಸ್ಥಿರಪಡಿಸಿದ್ದು ಎಂದು ಎರಡನ್ನೂ ಹೊಂದಿಸಬಹುದು. ಆದರೂ ಒಂದೇ ಭೂಮಿಗೆ ಒಂದು ಕಲ್ಲಿನಲ್ಲಿ ಮದುವೆ ಕಾರಣ, ಇನ್ನೊಂದರಲ್ಲಿ ಕೊಲೆ.

ಇಂಥ ಸಂಬಂಧಗಳು ಮುಂದೆ ಏನಾದವು ಎಂದು ತಿಳಿಯಲು ನಾವು ದೂರ ಹೋಗಬೇಕಿಲ್ಲ. ಚಿತ್ರದುರ್ಗ, ಹಿರಿಯೂರಿನ ಸೀಮೆ ಆಗ ನೊಳಂಬವಾಡಿ. ನೊಳಂಬರ ರಾಜಧಾನಿ ಹೆಂಜೇರು, ಇಂದಿನ ಹೇಮಾವತಿ, ಹಿರಿಯೂರಿನ ಪೂರ್ವಕ್ಕೆ ಆಂಧ್ರದ ಗಡಿಯಾಚೆ ಇದೆ. 9ನೆಯ ಶತಮಾನದಲ್ಲಿ ನೊಳಂಬ ಪೊಲಲ್ಚೋರನಿಗೆ ಗಂಗ ರಾಚಮಲ್ಲನ ಮಗಳು, ನೀತಿಮಾರ್ಗನ ತಂಗಿ ಜಾಯಬ್ಬೆಯನ್ನು ಕೊಟ್ಟರು. ಅವರ ಮಗ ಮಹೇಂದ್ರ ತಾಯಿಯ ತವರಿನೊಂದಿಗೇ ಕಾದಾಡಿದ. ಅವನನ್ನು ಕೊಂದು 'ಮಹೇಂದ್ರಾಂತಕ' ಎಂಬ ಬಿರುದು ಪಡೆದ ಎರೆಯಪ್ಪ ನೀತಿಮಾರ್ಗನ ಮೊಮ್ಮಗ. ಮುಂದೆ ಬೂತುಗನ ಮಗ ಮಾರಸಿಂಹ 'ನೊಳಂಬಕುಲಾಂತಕ'ನೇ ಆದ. ಹಿರಿಯರು ಹಾಕಿದ ಗಂಟು ಮೊಮ್ಮಕ್ಕಳ ಕೈ ಕಟ್ಟಲಿಲ್ಲ.

ಹಾಗಿದ್ದರೂ ಯುದ್ಧಕ್ಕಿಂತ ಮದುವೆ ಮೇಲಲ್ಲವೇ? ಹೌದು ಎನ್ನಲು ನಮ್ಮ ಮನೆಯಲ್ಲೇ ಸಾಕ್ಷಿ ಇದೆ. ಬದುವಿನ ಜಗಳ ಹೊಡೆದಾಟಕ್ಕೆ ಬಂದಾಗ ನನ್ನ ಅಜ್ಜಿಯನ್ನು ಎದುರಾಳಿಯ ಮನೆಗೇ ಕೊಟ್ಟು ರಾಜಿ ಮಾಡಿದರಂತೆ. ಆಮೇಲೆ ದೊಣ್ಣೆ ಏಳಲಿಲ್ಲ. ಹಿರಿಯರು ಎರಡು ಮನೆ ಒಂದು ಮಾಡಿದರು ಎಂದು ಊರು ಇಂದಿಗೂ ಹೊಗಳುತ್ತದೆ. ಅಜ್ಜಿಯನ್ನು ಕೇಳಿದರೆ, "ಅಲ್ಲಿ ಮಾತು ಇಲ್ಲಿ ಆಡಲಿಲ್ಲ, ಇಲ್ಲಿ ಮಾತು ಅಲ್ಲಿ ಆಡಲಿಲ್ಲ. ಎಲ್ಲಾ ನುಂಗಿಕೊಂಡೆ ಕಣಪ್ಪಾ" ಅನ್ನುತ್ತಾಳೆ.

ಹಿರಿಯರ ಕೆಲಸ ಒಂದು ದಿನದ್ದು; ಎರಡು ಮನೆ ಒಂದು ಮಾಡುವ ಕೆಲಸವನ್ನು ಅಜ್ಜಿ ಐವತ್ತು ವರ್ಷ ಮಾಡಿದಳು. ರಾಜನೊಬ್ಬ ಮದುವೆಯಿಂದ ಎರಡು ರಾಜ್ಯ ಒಂದುಗೂಡಿಸಿದ ಎಂದು ಬರೆಯುವಾಗ ನಾವು ಇದನ್ನೇ ಮರೆಯುತ್ತೇವೆ. ಫಲ ಒಳ್ಳೆಯದಾಯಿತು ಎಂಬ ಕಾರಣಕ್ಕೆ ಕೇಳದೆ ಕೊಟ್ಟದ್ದು ನ್ಯಾಯವಾಗುವುದಿಲ್ಲ. ಅವಳು ಸಹಿಸಿದ್ದು ಅವಳ ದೊಡ್ಡತನ. ಅದನ್ನು ಕೊಟ್ಟವರ ಪುಣ್ಯದ ಲೆಕ್ಕಕ್ಕೆ ಬರೆಯಬಾರದು.

ಒಂದು ಮಾತು ಒಪ್ಪಿಕೊಳ್ಳಬೇಕು. ಅಪ್ಪ ತೋಟದ ಮಾತೆತ್ತಿದಾಗ ನನ್ನ ಮನಸ್ಸೂ ಒಂದು ಕ್ಷಣ ಎಕರೆ ಎಣಿಸಿತು. ಆಮೇಲೆಯೇ, "ಅವಳನ್ನು ಯಾರಾದರೂ ಕೇಳಿದಿರಾ?" ಎಂದದ್ದು. "ಅವಳದೇನು, ಮಾವ ಒಪ್ಪಿದ ಮೇಲೆ ಮುಗೀತು" ಅಂದರು. ಅವಳು ಚಿತ್ರದುರ್ಗದಲ್ಲಿ ಬಿ.ಎಡ್. ಓದುತ್ತಿದ್ದಾಳೆ. ಈ ವಾರ ಫೋನು ಮಾಡಿ ನಾನೇ ಕೇಳುತ್ತೇನೆ. ಬೇಡ ಎಂದರೆ, ಅಪ್ಪ ಮತ್ತು ಮಾವನ ಮುಂದೆ ಅದನ್ನು ನನ್ನ 'ಬೇಡ' ಎಂದೇ ಹೇಳಬೇಕು. ಅಷ್ಟು ಭಾರವನ್ನಾದರೂ ಈ ಸಲ ಬಳುವಳಿ ಪಡೆಯಬೇಕಾಗಿದ್ದವನು ಹೊರಲಿ.