ಸಂಜೆಯ ಅಂಗಡಿಯೂ ಇತ್ರೋನನ ಬುದ್ಧಿಮಾತೂ
(ವಿಮೋಚನಕಾಂಡ 18ನೆಯ ಅಧ್ಯಾಯ)



ಮೋಶೆಯು ಅರಣ್ಯದಲ್ಲಿ ಜನರ ವ್ಯಾಜ್ಯಗಳನ್ನು ತೀರಿಸುವದಕ್ಕೆ ಮುಂಜಾನೆಯಿಂದ ಸಾಯಂಕಾಲದ ವರೆಗೂ ಒಬ್ಬನೇ ಕೂತಿದ್ದನು. ಅವನ ಮಾವನಾದ ಇತ್ರೋನನು ಇದನ್ನು ಕಂಡು, ಈ ರೀತಿಯು ಒಳ್ಳೇದಲ್ಲವೆಂದೂ ಮೋಶೆಯೂ ಅವನ ಬಳಿಗೆ ಬಂದ ಜನರೂ ಬಳಲಿಹೋಗುವರೆಂದೂ ಎಚ್ಚರಿಸಿದನು. ಅವನು ಮೋಶೆಯ ಭಕ್ತಿಯಲ್ಲಿ ತಪ್ಪು ಹಿಡಿಯಲಿಲ್ಲ. ಮನುಷ್ಯನ ಬಲಕ್ಕೆ ಮಿತಿಯುಂಟೆಂಬದನ್ನೇ ತೋರಿಸಿದನು.

ನಮ್ಮ ಊರುಗಳಲ್ಲಿ ಚಿಕ್ಕ ದಿನಸಿ ಅಂಗಡಿ ಇಟ್ಟವನ ಸ್ಥಿತಿಯೂ ಇಂಥದೇ. ಬಾಗಿಲು ತೆರೆದ ಕೂಡಲೆ ತೀರ್ಮಾನಗಳು ಆರಂಭವಾಗುತ್ತವೆ. ಅಕ್ಕಿ ಎಷ್ಟು ಮೂಟೆ ತರಿಸಬೇಕು? ಬೇಳೆಯ ಧಾರಣೆ ಏರುವದೋ ಇಳಿಯುವದೋ? ಇವನಿಗೆ ಉದ್ರಿ ಕೊಡಲೋ ಬೇಡವೋ? ದೊಡ್ಡ ಕಂಪೆನಿಯಲ್ಲಿ ಇವನ್ನು ಹತ್ತು ಮಂದಿ ಹಂಚಿಕೊಳ್ಳುವರು. ಇಲ್ಲಿಯಾದರೋ ಯಜಮಾನನೂ ಗುಮಾಸ್ತನೂ ಆಳೂ ಒಬ್ಬನೇ. ಸಂಜೆಯಾಗುವಾಗ ಕೈಕಾಲಿಗಿಂತ ಮನಸ್ಸು ಹೆಚ್ಚು ದಣಿದಿರುತ್ತದೆ. ಅಪಾಯವು ಬರುವದು ಆಗಲೇ. ಬೆಳಿಗ್ಗೆ ಕಾಗದವನ್ನು ಎರಡು ಸಾರಿ ಓದುವವನು, ರಾತ್ರಿ ಬಂದ ಬಡ್ಡಿಯವನ ಪತ್ರಕ್ಕೆ ಓದದೆ ರುಜು ಹಾಕುತ್ತಾನೆ. ಮಾತುಬಲ್ಲವನಿಗೆ ಉದ್ರಿ ಸಿಕ್ಕುತ್ತದೆ. ಒಂದು ಕಿಲೋ ಅಕ್ಕಿ ಬೇಡಿದ ವಿಧವೆಗೆ ಗದರಿಕೆ ಸಿಕ್ಕುತ್ತದೆ. ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುತ್ತೇವೆ; ದಣಿದವನಿಗೂ ಹಾಗೆಯೇ.

2011ರಲ್ಲಿ ಇಸ್ರಾಯೇಲ್ ದೇಶದ ನ್ಯಾಯಾಧಿಪತಿಗಳ ಸಾವಿರಕ್ಕೂ ಮಿಕ್ಕ ತೀರ್ಪುಗಳನ್ನು ವಿದ್ವಾಂಸರು ಪರಿಶೀಲಿಸಿದರು. ಕೈದಿಗಳ ಬಿಡುಗಡೆಯ ಅರ್ಜಿಗಳಲ್ಲಿ ಬೆಳಿಗ್ಗೆ ನೂರಕ್ಕೆ ಸುಮಾರು 65 ಒಪ್ಪಿಗೆಯಾದವು. ವಿರಾಮಕ್ಕೆ ಮುಂಚೆ ಆ ಸಂಖ್ಯೆಯು ಸೊನ್ನೆಯ ಹತ್ತಿರಕ್ಕೆ ಇಳಿಯಿತು. ಉಂಡು ಬಂದ ಮೇಲೆ ಪುನಃ ಏರಿತು. ಅರ್ಜಿಗಳನ್ನು ಕರೆದ ಸರದಿಯೇ ಇದಕ್ಕೆ ಕಾರಣವಿರಬಹುದೆಂದು ಬೇರೆ ಪಂಡಿತರು ಆಕ್ಷೇಪಿಸಿದ್ದಾರೆ. ಅವರ ವಾದವು ಹೇಗಾದರೂ ಇರಲಿ. ತನ್ನ ಸಂಜೆಯ ತೀರ್ಮಾನಗಳನ್ನು ಮರುದಿನ ಬೆಳಿಗ್ಗೆ ಉದ್ರಿ ಪುಸ್ತಕದಲ್ಲಿ ಓದುವವನಿಗೆ ಸಾಕ್ಷಿಯು ಅಲ್ಲೇ ಉಂಟು.

ಹಾಗಾದರೆ ಮಾಡತಕ್ಕದ್ದೇನು? ಚಿಕ್ಕ ಸಂಗತಿಗಳನ್ನು ನಂಬಿಗಸ್ತರಿಗೆ ಒಪ್ಪಿಸಿ, ಕಠಿಣವಾದವುಗಳನ್ನು ಮಾತ್ರ ತನ್ನಲ್ಲಿ ಇಟ್ಟುಕೊಳ್ಳುವಂತೆ ಇತ್ರೋನನು ಹೇಳಿದನು. ಆದಕಾರಣ ಸೋಪು, ಉಪ್ಪು, ಬೆಂಕಿಪೊಟ್ಟಣಗಳ ಲೆಕ್ಕವನ್ನು ಮನೆಯಾಕೆಯೋ ಮಗನೋ ನೋಡಲಿ. ಉದ್ರಿಗೆ ಇಷ್ಟೇ ಮಿತಿಯೆಂದು ಮೊದಲೇ ಬರೆದಿಡಿರಿ. ಆಗ ದಿನಕ್ಕೆ ಇಪ್ಪತ್ತು ಸಾರಿ ಅದನ್ನೇ ಯೋಚಿಸಬೇಕಾಗದು. ದೀಪ ಹಚ್ಚಿದ ಮೇಲೆ ಸಾಲಪತ್ರಕ್ಕೆ ರುಜು ಹಾಕಬೇಡಿರಿ; ನಾಳೆ ಬೆಳಿಗ್ಗೆ ಹೇಳುವೆನು ಎನ್ನಿರಿ. ಏಳನೆಯ ದಿನದ ವಿಶ್ರಾಂತಿಯನ್ನು ನಷ್ಟವೆಂದು ಎಣಿಸಬೇಡಿರಿ.

ಕೊಳ್ಳುವವರಾದ ನಮಗೂ ಇದರಲ್ಲಿ ಪಾಠವುಂಟು. ಅಂಗಡಿಯವನು ಕದ ಎಳೆಯುವ ಹೊತ್ತನ್ನೇ ಕಾದು ಉದ್ರಿ ಕೇಳುವದು ನೆರೆಯವನ ಪ್ರೀತಿಯೋ?

ನಾನಿಲ್ಲದೆ ಏನೂ ನಡೆಯದು ಎಂಬ ಮಾತು ಜವಾಬ್ದಾರಿಯಂತೆ ಕೇಳಿದರೂ, ಅದರೊಳಗೆ ಗರ್ವವು ಅಡಗಿರುತ್ತದೆ. ಸಮುದ್ರವನ್ನು ದಾಟಿಸಿದ ಮೋಶೆಯೇ ಮಾವನ ಮಾತಿಗೆ ಕಿವಿಗೊಟ್ಟು, ಭಾರವನ್ನು ಹಂಚಿಕೊಟ್ಟನು. ಲೆಕ್ಕದ ಪುಸ್ತಕವನ್ನು ಮುಚ್ಚಿ, ಉಳಿದದ್ದನ್ನು ದೇವರ ಕೈಗೆ ಒಪ್ಪಿಸಿ ನಿದ್ರಿಸುವದಕ್ಕೂ ನಂಬಿಕೆ ಬೇಕು. ಆ ನಂಬಿಕೆಯನ್ನು ಕರ್ತನು ನಮಗೆಲ್ಲರಿಗೂ ಅನುಗ್ರಹಿಸಲಿ.