ತುತ್ತೂರಿಯ ಬಣ್ಣ, ಕೌದಿಯ ಹಿಂಬದಿ

ಮಕ್ಕಳ ಪದ್ಯವೊಂದರ ಮೇಲೆ ದೊಡ್ಡವರ ದುಃಖವನ್ನು ಹೊಲಿಯುವ ಹಕ್ಕು ನಮಗಿದೆಯೇ? ಜಿ.ಪಿ. ರಾಜರತ್ನಂ ಅವರ ‘ತುತ್ತೂರಿ’ಯನ್ನು ಕೌದಿಗೆ ತರಲು ಕೂತಾಗಿನಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಇಂಗ್ಲಿಷಿನ ‘ರಿಂಗ್ ಅ ರಿಂಗ್ ಓ ರೋಸಸ್’ ಪ್ಲೇಗಿನ ಹಾಡು ಎಂದು ಹಲವರು ನಂಬಿದ್ದಾರೆ. ಜಾನಪದ ವಿದ್ವಾಂಸರು ಅದನ್ನು ಒಪ್ಪುವುದಿಲ್ಲ. ಅಲ್ಲಿನ ಕತ್ತಲೆ ಆಮೇಲೆ ಹೊರಗಿನಿಂದ ಹಚ್ಚಿದ್ದು. ‘ತುತ್ತೂರಿ’ಗೆ ಹಾಗೆ ಏನನ್ನೂ ಹಚ್ಚಬೇಕಿಲ್ಲ. ಕಸ್ತೂರಿ ಎಂಬ ಹುಡುಗ ತಗಡಿನ ತುತ್ತೂರಿ ಕೊಳ್ಳುತ್ತಾನೆ, ಅದು ತನ್ನೊಬ್ಬನ ಬಳಿಯೇ ಇದೆಯೆಂದು ಬೀಗುತ್ತಾನೆ. ಕೊಳದ ಹತ್ತಿರ ಅದು ನೀರಿಗೆ ಜಾರುತ್ತದೆ. ಬಣ್ಣ ಹೋಗುತ್ತದೆ, ಸ್ವರ ಕೆಡುತ್ತದೆ. ಅಲ್ಲಿಗೆ ಪದ್ಯ ಮುಗಿಯುತ್ತದೆ, ನಾವು ನಗುತ್ತೇವೆ. ಆಟಿಕೆ ಕೆಟ್ಟುಹೋದ ಮಗುವನ್ನು ಕಂಡು ನಗುವುದನ್ನು ನಾವು ಚಪ್ಪಾಳೆ ತಟ್ಟುತ್ತಲೇ ಕಲಿತಿದ್ದೇವೆ.

ಆದರೆ ಆ ನಗು ಬರೀ ಕ್ರೌರ್ಯವೇ? ಬೀದಿಯಲ್ಲಿ ತುತ್ತೂರಿ ಇಲ್ಲದ ಮಕ್ಕಳೂ ಇದ್ದಿರಬೇಕಲ್ಲ. ಕೊಳ್ಳಲು ಕಾಸಿಲ್ಲದವರಿಗೆ, ಬೀಗುವವನ ಎದುರು ನಗುವೊಂದೇ ದಕ್ಕುವ ನ್ಯಾಯ. ಕಸ್ತೂರಿಗಾಗಿ ಮಾತ್ರ ಮರುಗಿದರೆ ಅವರನ್ನು ಮರೆತಂತೆ. ಅವರ ಜೊತೆ ನಕ್ಕುಬಿಟ್ಟರೆ ಕೊಳದ ದಡದಲ್ಲಿ ಒಂಟಿಯಾಗಿ ನಿಂತವನನ್ನು ಮರೆತಂತೆ.

ಈ ಇಕ್ಕಟ್ಟಿಗೆ ಕೌದಿ ತನ್ನದೇ ರೀತಿಯಲ್ಲಿ ಉತ್ತರಿಸುತ್ತದೆ. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನಿಟ್ಟು, ಎಲ್ಲ ಪದರಗಳಿಗೂ ತಾಗುವಂತೆ ಸೂಜಿ ಆಡಿಸುತ್ತಾರೆ. ಮುಂಬದಿಯಲ್ಲಿ ನನ್ನ ಕಸ್ತೂರಿಗೆ ಕೆಂಪು ಅಂಗಿ, ಹಳದಿ ತುತ್ತೂರಿ. ಹಿಂಬದಿಯಲ್ಲಿ ಆ ಬಟ್ಟೆತುಂಡುಗಳು ಕಾಣುವುದಿಲ್ಲ, ಹೊಲಿಗೆಯ ಗೆರೆಯಷ್ಟೇ ಮೂಡುತ್ತದೆ. ಬಣ್ಣ ಕಳೆದುಕೊಂಡ ಆ ಹುಡುಗ ಅಲ್ಲಿ ತುತ್ತೂರಿ ಉಳ್ಳವನೋ ಇಲ್ಲದವನೋ ಹೇಳಲಾಗದು. ಅಂಚಿನಲ್ಲಿ ನಿಂತ ಉಳಿದ ಮಕ್ಕಳೂ ಅವನಂತೆಯೇ ಬರೀ ಗೆರೆಗಳು. ಕಪ್ಪು ಬಟ್ಟೆ ಒಂದು ಚೂರೂ ಬೇಕಾಗಲಿಲ್ಲ.

ಅರ್ಧ ನಿಮಿಷದಲ್ಲಿ ಹಾಡಿ ಮುಗಿಸುವ ಪದ್ಯದ ಜೊತೆ ಹೊಲಿಯುವವಳು ತಿಂಗಳುಗಟ್ಟಲೆ ಕೂರಬೇಕು. ಅಷ್ಟು ಹೊತ್ತು ಒಬ್ಬನನ್ನೇ ನೋಡುತ್ತ ನಗುವುದು ಕಷ್ಟ. ಹಕ್ಕು ಎಂಬುದೇನಾದರೂ ಇದ್ದರೆ ಅದು ಹೀಗೆ ಕೂತು ನೋಡುವುದರಿಂದ ಬರುತ್ತದೆ ಎನ್ನಿಸುತ್ತದೆ. ಇಲ್ಲದ ಕತ್ತಲೆಯನ್ನು ತಂದು ಹಚ್ಚುವುದರಿಂದ ಬರುವುದಿಲ್ಲ.

ಇಷ್ಟಾದರೂ ಕೌದಿ ಹೊದೆಯಲು ಇರುವಂಥದ್ದು. ಯಾವ ಬದಿ ಮೇಲಿರಬೇಕೆಂದು ಹೊದ್ದು ಮಲಗುವ ಮಗುವೇ ತೀರ್ಮಾನಿಸಲಿ.