ಪಾತ್ರೆಯ ಶುದ್ಧಿ

ಕ್ಷಾರ, ಆಮ್ಲ, ಉದಕಗಳಿಂದ ಲೋಹಪಾತ್ರೆಗಳನ್ನು ಅವುಗಳ ಯೋಗ್ಯತೆಗೆ ತಕ್ಕಂತೆ ಶುದ್ಧಗೊಳಿಸಬೇಕೆಂದು ಮನುಸ್ಮೃತಿಯ 5ನೆಯ ಅಧ್ಯಾಯವು ವಿಧಿಸುತ್ತದೆ; ಶಿಗ್ಗಾಂವಿ ತಾಲೂಕಿನ ಹಿರೇಬೆಂಡಿಗೇರಿಯ ಸೀಮೆಯಲ್ಲಿ ಜೋಳದ ರೊಟ್ಟಿಯನ್ನು ಬೇಯಿಸಿ ಬೇಯಿಸಿ ಕಪ್ಪಗೆ ಹೊಳೆಯುವ ಕಬ್ಬಿಣದ ಹಂಚಾದರೋ, ಹುಣಸೆಯ ಹುಳಿಯು ಬಹಳ ಹೊತ್ತು ನಿಂತರೆ ತನ್ನ ಎಣ್ಣೆಯ ಪದರವನ್ನು ಕಳೆದುಕೊಂಡು ತುಕ್ಕಿಗೆ ಈಡಾಗುತ್ತದೆ. ಕಬ್ಬಿಣದ ಮೇಲೆ ಗಾಜನ್ನು ಕರಗಿಸಿ ಬೆಸೆದ ಎನಾಮಲ್ ಪಾತ್ರೆಗೆ ತಂತಿಯ ಉಜ್ಜುವಿಕೆಯೇ ವೈರಿ. ಬಿಸಿಯಾರಿದ ಮೇಲೆ ಅಡುಗೆ ಸೋಡದ ನೀರಿನಲ್ಲಿ ನೆನೆಯಿಸಿ ಮೆತ್ತನೆಯ ಬಟ್ಟೆಯಿಂದ ಒರೆಸಿದರೆ ಸಾಕು. ಹಾಗಾದರೆ ಶುಚಿತ್ವವೆಂಬುದು ಕಲೆಯಿಲ್ಲದಿರುವಿಕೆಯೇ? ಅಲ್ಲವೆಂದೇ ನನ್ನ ಮತ: ಹಂಚಿನ ಕಪ್ಪು ಮಲವಲ್ಲ, ಅದರ ಕವಚ. ಅದೇ ತಾಲೂಕಿನ ಬಾಡದಲ್ಲಿ ಜನಿಸಿದ ಕನಕದಾಸರು ‘ರಾಮಧಾನ್ಯಚರಿತೆ’ಯಲ್ಲಿ ಬಿಳಿಯ ನೆಲ್ಲನ್ನು ಬದಿಗಿರಿಸಿ ಕಪ್ಪು ರಾಗಿಗಲ್ಲವೇ ಹಿರಿಮೆಯನ್ನಿತ್ತುದು! ಮಡಿಯ ಹೆಸರಿನಲ್ಲಿ ಹಂಚನ್ನು ಬೆಳ್ಳಗಾಗುವಂತೆ ತಿಕ್ಕುವವರು, ಮರುದಿನ ರೊಟ್ಟಿಯು ಅಂಟಿಕೊಂಡಿತೆಂದು ದಯವಿಟ್ಟು ಹಂಚನ್ನು ಬಯ್ಯದಿರಲಿ.